ಕರಾವಳಿಗೆ ಎಷ್ಟು ಸಿಸಿಯ ಸ್ಪೋರ್ಟ್ಸ್ ಬೈಕ್ ಸಾಕು?

"ಅಣ್ಣಾ, 390 ತಗೊಳ್ಳುವುದಾ, ಇಲ್ಲ ಸ್ವಲ್ಪ ಸಾಲ ಜಾಸ್ತಿ ಮಾಡಿ 650ಕ್ಕೇ ಹೋಗುವುದಾ?"

ಮಂಗಳೂರು, ಉಡುಪಿ ಕಡೆಯ ಹುಡುಗರು ನನ್ನ ಹತ್ತಿರ ಜಾಸ್ತಿ ಕೇಳುವ ಪ್ರಶ್ನೆ ಇದು. ಈಚೆಗೆ ಹುಡುಗಿಯರೂ ಕೇಳುತ್ತಿದ್ದಾರೆ, ತುಂಬ ಸಂತೋಷ. ನಾನು ಐದು ವರ್ಷ 390 ಓಡಿಸಿದ್ದೇನೆ. ಮೂರು ವರ್ಷದಿಂದ 650 ಇದೆ. ಗೆಳೆಯರ ಲೀಟರ್ ಬೈಕುಗಳನ್ನೂ, ಅಂದರೆ 1000 ಸಿಸಿ ಆಸುಪಾಸಿನವನ್ನೂ ಅಷ್ಟಿಷ್ಟು ಓಡಿಸಿದ್ದೇನೆ. ಪ್ರತಿ ಸಲ ಫೋನಿನಲ್ಲಿ ಅರ್ಧರ್ಧ ಹೇಳುವುದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಜೂನ್ ತಿಂಗಳ ಮಳೆಯಲ್ಲಿ, ನಂತೂರು ಸರ್ಕಲ್‌ನ ಜಾಮ್‌ನಲ್ಲಿ, ಮನೆಯ ಇಳಿಜಾರು ಅಂಗಳದಲ್ಲಿ ಯಾವ ಬೈಕ್ ನಿಮ್ಮ ಕೈಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೋ ಅದನ್ನು ತಗೊಳ್ಳಿ. ಮಳೆ ಮುಗಿದ ಮೇಲೆ ಅದೇ ಬೈಕ್ ನಿಮಗೆ ಖುಷಿಯನ್ನೂ ಕೊಡುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು 300ರಿಂದ 500 ಸಿಸಿ ಒಳಗಿನ ಬೈಕ್. ಕೆಲವರಿಗೆ ಮಾತ್ರ 650. ನೀವು ಯಾವ ಕಡೆ ಅಂತ ತಿಳಿಯಲು ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ ನೋಡಿ. ಶೋರೂಮ್‌ಗೆ ಹೋಗುವುದು ಮೂರನೇ ಹಂತದಲ್ಲಿ. ಅದಕ್ಕೆ ಮೊದಲು ಹೋದರೆ ಕಣ್ಣು ಬಣ್ಣದ ಮೇಲೆ ನಿಲ್ಲುತ್ತದೆ, ಆಮೇಲೆ ಯಾರು ಹೇಳಿದರೂ ಕಿವಿಗೆ ಹೋಗುವುದಿಲ್ಲ.

ಹಂತ 1: ಎರಡು ವಾರ ಬರೆದಿಡಿ

ಈಗ ಇರುವ ಬೈಕಿನಲ್ಲಿ, ಸ್ಕೂಟರ್ ಆದರೂ ಪರವಾಗಿಲ್ಲ, ಎರಡು ವಾರ ಎಲ್ಲಿಗೆ ಹೋದಿರಿ ಅಂತ ಮೊಬೈಲಿನಲ್ಲಿ ಬರೆದಿಡಿ. ಯಾವ ರಸ್ತೆ, ಎಷ್ಟು ಹೊತ್ತು, ಹಿಂದೆ ಯಾರಾದರೂ ಕೂತಿದ್ದರಾ, 80ರ ಮೇಲೆ ಎಷ್ಟು ನಿಮಿಷ ಹೋದಿರಿ. ಇಷ್ಟು ಸಾಕು.

ನಾನು 390 ಇದ್ದಾಗ ಇದನ್ನು ಮಾಡಿದ್ದೆ. ಸುರತ್ಕಲ್‌ನಿಂದ ಬಿಜೈಗೆ ದಿನಾ ಕೆಲಸಕ್ಕೆ ಹೋಗುತ್ತಿದ್ದೆ, ಭಾನುವಾರ ಒಂದು ರೈಡ್. ಎರಡು ವಾರದಲ್ಲಿ 80 ದಾಟಿದ್ದು ಒಟ್ಟು ಅರ್ಧ ಗಂಟೆಯೂ ಇರಲಿಲ್ಲ. ಕೂಳೂರು ಸೇತುವೆ, ಕೊಟ್ಟಾರ ಚೌಕಿ, ಕೆಪಿಟಿ, ಹೀಗೆ ಕ್ಲಚ್ ಹಿಡಿದು ಬಿಟ್ಟು ಮಾಡಿದ್ದೇ ಗಂಟೆಗಟ್ಟಲೆ. ಉಡುಪಿಯವರಿಗೆ ಕಲ್ಸಂಕ, ಕರಾವಳಿ ಜಂಕ್ಷನ್ ಇದೆ, ಬೇರೆ ಹೇಳುವುದು ಬೇಡ.

ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿಗೆ ಗರಿಷ್ಠ ಮಿತಿ ಗಂಟೆಗೆ 80 ಕಿಲೋಮೀಟರ್. 600 ಸಿಸಿಯ ನಾಲ್ಕು ಸಿಲಿಂಡರ್ ಬೈಕ್ ಆ 80ನ್ನು ಮೊದಲ ಗೇರ್‌ನಲ್ಲೇ ದಾಟುತ್ತದೆ. ಉಳಿದ ಐದು ಗೇರ್ ಎಲ್ಲಿ ಉಪಯೋಗಿಸುತ್ತೀರಿ ಅಂತ ಆ ಪಟ್ಟಿ ನೋಡಿ ನಿಮ್ಮನ್ನೇ ಕೇಳಿಕೊಳ್ಳಿ. ಪಡುಬಿದ್ರಿ, ಕಾಪು, ಕಟಪಾಡಿ ಎಲ್ಲ ಕಡೆ ಡಿವೈಡರ್‌ಗೆ ತೆರವು ಇದೆ. ಅಲ್ಲಿಂದ ಸ್ಕೂಟರ್ ಬರುತ್ತದೆ, ರಾಂಗ್ ಸೈಡಿನಲ್ಲಿ ರಿಕ್ಷಾ ಬರುತ್ತದೆ, ದನ ಬರುತ್ತದೆ. 80ರಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. 120ರಲ್ಲಿ 33 ಮೀಟರ್. ಕಣ್ಣು ನೋಡಿ ಕೈ ಬ್ರೇಕ್ ಹಿಡಿಯುವುದರೊಳಗೆ ಅಷ್ಟು ದೂರ ಹೋಗಿಯಾಗಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಎಂಜಿನ್ ದೊಡ್ಡದಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಹಂತ 2: ಸಿಸಿ ಬಿಡಿ, ಎಂಜಿನ್ ಎಂಥದ್ದು ನೋಡಿ

ಇಲ್ಲಿ ತುಂಬ ಜನ ತಪ್ಪು ಮಾಡುತ್ತಾರೆ. 650 ಅಂದರೆ ಎಲ್ಲ ಒಂದೇ ಅಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ.

ಕವಾಸಕಿಯ ಎರಡು ಬೈಕ್ ತಗೊಳ್ಳಿ. ನಿಂಜಾ 650ರ ಎಂಜಿನ್ 649 ಸಿಸಿ, ಎರಡು ಸಿಲಿಂಡರ್, 68 ಪಿಎಸ್ ಪವರ್. ಝಡ್‌ಎಕ್ಸ್ 6ಆರ್ 636 ಸಿಸಿ, ನಾಲ್ಕು ಸಿಲಿಂಡರ್, ಸುಮಾರು 125 ಪಿಎಸ್. ಸಿಸಿ ಹೆಚ್ಚುಕಡಿಮೆ ಒಂದೇ, ತೂಕವೂ ಒಂದೇ, 196 ಕಿಲೋ ಮತ್ತು 198 ಕಿಲೋ. ಪವರ್ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ಹಾಗಾದರೆ ಎರಡನೆಯದೇ ಒಳ್ಳೆಯದು ಅಲ್ವಾ ಅಂತ ಅನ್ನಿಸಬಹುದು. ಆದರೆ ಆ 125 ಪಿಎಸ್ ಸಿಗುವುದು 13,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಲ್ಲಿ. ನಾವು ದಿನಾ ಓಡಿಸುವುದು 3,000ದಿಂದ 6,000ದ ಒಳಗೆ. ಅಲ್ಲಿ ನಿಂಜಾ 650ಯೇ ಚೆನ್ನಾಗಿ ಎಳೆಯುತ್ತದೆ, ಏಕೆಂದರೆ ಅದರ 64 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, 6,700 ಆರ್‌ಪಿಎಂಗೇ ಪೂರ್ತಿ ಸಿಗುತ್ತದೆ. ನಾಲ್ಕು ಸಿಲಿಂಡರಿನ ಆ ಕೂಗು ಕೇಳಲು ಎಷ್ಟು ಚಂದ ಅಂತ ನನಗೂ ಗೊತ್ತು, ಮೈ ಜುಂ ಅನ್ನುತ್ತದೆ. ಆದರೆ ಹಂಪನಕಟ್ಟೆ ಸಿಗ್ನಲ್‌ನಲ್ಲಿ ಮೇ ತಿಂಗಳ ಸೆಕೆಗೆ ಅದರ ಫ್ಯಾನ್ ತಿರುಗಿ ಬಿಸಿ ಗಾಳಿ ತೊಡೆಗೆ ಬಡಿಯುವುದೂ ನಿಜ.

ಮಿಡ್ ಸೈಜ್‌ನಲ್ಲೂ, ಅಂದರೆ 300ರಿಂದ 500 ಸಿಸಿ ಒಳಗೂ, ಇದೇ ವ್ಯತ್ಯಾಸ ಇದೆ. ಕೆಟಿಎಂ ಆರ್‌ಸಿ 390 ಒಂದೇ ಸಿಲಿಂಡರ್, 373 ಸಿಸಿ, 43.5 ಪಿಎಸ್, 172 ಕಿಲೋ. ಚುರುಕು ಅಂದರೆ ಚುರುಕು. ಆದರೆ ಆರ್‌ಪಿಎಂ ತುಂಬ ಇಳಿಸಿದರೆ ಕುಕ್ಕುತ್ತದೆ, ಗೇರ್ ಇಳಿಸಲೇಬೇಕು. ಕವಾಸಕಿ ನಿಂಜಾ 300, ಯಮಹಾ ಆರ್3 ಎರಡು ಸಿಲಿಂಡರ್, ಹಾಗಾಗಿ ನಯ. ಏಪ್ರಿಲಿಯಾ ಆರ್‌ಎಸ್ 457 ಕೂಡ ಎರಡು ಸಿಲಿಂಡರ್, 47.6 ಪಿಎಸ್, 175 ಕಿಲೋ. ಟಿವಿಎಸ್ ಅಪಾಚೆ ಆರ್‌ಆರ್ 310 ಒಂದು ಸಿಲಿಂಡರ್, ಅದರಲ್ಲಿ ಮಳೆಗೇ ಅಂತ ಬೇರೆ ರೈಡ್ ಮೋಡ್ ಇದೆ. ನಮಗೆ ಅದು ದೊಡ್ಡ ವಿಷಯ.

ಈಗ ಇದನ್ನು ನಮ್ಮ ರಸ್ತೆಗಳ ಮೇಲೆ ಇಟ್ಟು ನೋಡಿ.

ಆಗುಂಬೆ ಘಾಟಿ. ಹೆಬ್ರಿ, ಸೋಮೇಶ್ವರ ದಾಟಿ ಹತ್ತಲು ಶುರು ಮಾಡಿದರೆ ಒಂದರ ಹಿಂದೆ ಒಂದು ಹೇರ್‌ಪಿನ್ ತಿರುವು. ರಸ್ತೆ ಕಿರಿದು, ತಿರುವಿನಲ್ಲಿ ವೇಗ 20, 25. ಅಲ್ಲಿ 390 ಓಡಿಸಿದಷ್ಟು ಖುಷಿ ನನಗೆ 650ಯಲ್ಲಿ ಸಿಕ್ಕಿಲ್ಲ. ಹಗುರ ಬೈಕ್ ಕಣ್ಣು ಹೋದ ಕಡೆ ತಿರುಗುತ್ತದೆ. ಲೀಟರ್ ಬೈಕಿನಲ್ಲಿ ಅದೇ ಘಾಟಿ ಹತ್ತಿದ ದಿನ ಮೊದಲ ಗೇರ್ ಬಿಟ್ಟು ಮೇಲೆ ಹೋಗಲೇ ಇಲ್ಲ, ಮೇಲೆ ತಲುಪುವಾಗ ಎರಡೂ ಮಣಿಕಟ್ಟು ನೋಯುತ್ತಿತ್ತು. ಚಾರ್ಮಾಡಿಯೂ ಹೆಚ್ಚುಕಡಿಮೆ ಹೀಗೆಯೇ, ಮೇಲಿಂದ ಮಂಜು ಬೇರೆ.

ಶಿರಾಡಿ ಬೇರೆ ಕಥೆ. ಗುಂಡ್ಯ ದಾಟಿದ ಮೇಲೆ ಗ್ಯಾಸ್ ಟ್ಯಾಂಕರ್‌ಗಳ ಸಾಲು. ಏರಿನಲ್ಲಿ, ಲಗೇಜ್ ಇಟ್ಟುಕೊಂಡು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಟ್ಯಾಂಕರ್ ದಾಟಬೇಕಾದರೆ ಗೇರ್ ಇಳಿಸದೆ ಎಳೆಯುವ ಎಂಜಿನ್ ಬೇಕು. ಅಲ್ಲಿ 650 ಟ್ವಿನ್, ಅಂದರೆ ಎರಡು ಸಿಲಿಂಡರಿನ 650, ನಿಜವಾಗಿಯೂ ಸುರಕ್ಷಿತ ಅನ್ನಿಸುತ್ತದೆ, ಓವರ್‌ಟೇಕ್ ಬೇಗ ಮುಗಿಯುತ್ತದೆ. ಬೆಂಗಳೂರಿಗೆ 350 ಕಿಲೋಮೀಟರ್ ಹೋಗಿ ಇಳಿದಾಗ ಕೈ ಜುಮ್ಮೆನ್ನುವುದಿಲ್ಲ. ಒಂದು ಸಿಲಿಂಡರ್ ಬೈಕಿನಲ್ಲಿ ನೆಲಮಂಗಲ ಬರುವ ಹೊತ್ತಿಗೆ ನನ್ನ ಬೆರಳು ಮರಗಟ್ಟುತ್ತಿತ್ತು. ನಿಮ್ಮ ಎರಡು ವಾರದ ಪಟ್ಟಿಯಲ್ಲಿ, ಅಥವಾ ಕಳೆದ ವರ್ಷದ ನೆನಪಿನಲ್ಲಿ, ಇಂಥ ಪ್ರಯಾಣ ತಿಂಗಳಿಗೆ ಒಂದಾದರೂ ಇದ್ದರೆ 650ಯ ಬಗ್ಗೆ ಯೋಚಿಸಿ. ವರ್ಷಕ್ಕೆ ಒಂದು ಸಲ ಅಂದರೆ ಬೇಡ.

ಹಂತ 3: ಕೂರಿ, ಇಳಿಯಿರಿ, ತಳ್ಳಿ

ಶೋರೂಮ್‌ಗೆ ಈಗ ಹೋಗಿ. ರೈಡಿಂಗ್ ಶೂ ಹಾಕಿಕೊಂಡೇ ಹೋಗಿ, ಚಪ್ಪಲಿಯಲ್ಲಿ ಅಳತೆ ಸರಿಯಾಗಿ ಗೊತ್ತಾಗುವುದಿಲ್ಲ.

ಸೀಟಿನ ಎತ್ತರ ಕಾಗದದಲ್ಲಿ ನೋಡಿದರೆ ಸಾಲದು. ಆರ್‌ಸಿ 390 ಸೀಟು 824 ಮಿಲಿಮೀಟರ್, ನಿಂಜಾ 650 ಸೀಟು 790. ದೊಡ್ಡ ಬೈಕೇ ತಗ್ಗು! ಆದರೆ ತೂಕ 24 ಕಿಲೋ ಜಾಸ್ತಿ. ಕೂತು, ಸ್ಟ್ಯಾಂಡ್ ತೆಗೆದು, ನ್ಯೂಟ್ರಲ್‌ನಲ್ಲಿ ಕಾಲಿನಿಂದ ಹಿಂದಕ್ಕೆ ತಳ್ಳಿ ನೋಡಿ. ಆಮೇಲೆ ಇಳಿದು, ಪಕ್ಕದಲ್ಲಿ ನಿಂತು ಹ್ಯಾಂಡಲ್ ಹಿಡಿದು ಒಂದು ಸುತ್ತು ತಿರುಗಿಸಿ. ಆಗದಿದ್ದರೆ ಆ ಬೈಕ್ ಈಗ ಬೇಡ. ಮಂಗಳೂರು ಪೂರ್ತಿ ಗುಡ್ಡೆ. ಕದ್ರಿ, ಬಲ್ಮಠ, ಲೈಟ್‌ಹೌಸ್ ಹಿಲ್, ಎಲ್ಲಿ ಪಾರ್ಕ್ ಮಾಡಿದರೂ ಒಂದು ಕಡೆ ಇಳಿಜಾರು. ತಗ್ಗಿಗೆ ಮುಖ ಮಾಡಿ ನಿಲ್ಲಿಸಿದ 200 ಕಿಲೋ ಬೈಕನ್ನು ಹಿಂದಕ್ಕೆ ಎಳೆಯುವುದು ಒಬ್ಬರಿಂದ ಆಗುವ ಕೆಲಸ ಅಲ್ಲ.

ನನಗಾದದ್ದು ಹೇಳುತ್ತೇನೆ. 650 ತಗೊಂಡ ಮೊದಲ ಮಳೆಗಾಲ. ಕದ್ರಿ ಕಡೆ ದೊಡ್ಡಮ್ಮನ ಮನೆ, ಅಂಗಳ ಇಳಿಜಾರು, ಇಂಟರ್‌ಲಾಕ್ ಮೇಲೆ ಪಾಚಿ ಕಟ್ಟಿತ್ತು. ಹ್ಯಾಂಡಲ್ ತಿರುಗಿಸಿದ್ದಾಗಲೇ ಮುಂದಿನ ಬ್ರೇಕ್ ಹಿಡಿದೆ. ವೇಗ ನಡೆಯುವಷ್ಟೂ ಇರಲಿಲ್ಲ. ಬೈಕ್ ಹಾಗೇ ಬಲಕ್ಕೆ ಮಲಗಿತು. ಎತ್ತಲು ಅಣ್ಣ ಬರಬೇಕಾಯಿತು. ಫೇರಿಂಗ್ (ಬೈಕಿನ ಹೊರಕವಚ) ಒಡೆದಿತ್ತು, ಬ್ರೇಕ್ ಲಿವರ್ ಮುರಿದಿತ್ತು, ಬಿಲ್ ನೋಡಿ ಒಂದು ವಾರ ನಿದ್ದೆ ಸರಿ ಬರಲಿಲ್ಲ. ಅದೇ ಅಂಗಳದಲ್ಲಿ ಐದು ವರ್ಷ 390 ನಿಲ್ಲಿಸಿದ್ದೆ, ಒಮ್ಮೆಯೂ ಬೀಳಿಸಿರಲಿಲ್ಲ. ಜಾರಿದರೂ ಕಾಲು ಕೊಟ್ಟು ತಡೆಯುವಷ್ಟು ಹಗುರ ಇತ್ತು.

ಬೈಕ್ ಬಲಕ್ಕೆ ಬಿದ್ದರೆ, ಎತ್ತುವ ಮೊದಲು ಸೈಡ್ ಸ್ಟ್ಯಾಂಡ್ ಬಿಡಿಸಿ, ಗೇರ್‌ನಲ್ಲಿ ಹಾಕಿ. ಬೆನ್ನನ್ನು ಸೀಟಿಗೆ ಕೊಟ್ಟು, ಕಾಲಿನ ಬಲದಲ್ಲಿ ಹಿಮ್ಮುಖವಾಗಿ ಎತ್ತಿ. ಸೊಂಟ ಬಗ್ಗಿಸಿ ಎತ್ತಲು ಹೋಗಬೇಡಿ.

ಹಂತ 4: ಮಳೆಯನ್ನು ಲೆಕ್ಕಕ್ಕೆ ಹಿಡಿಯಿರಿ

ಬೆಂಗಳೂರಿನವರು ಕೊಡುವ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಕಾರಣ ಮಳೆ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಳೆಗಿಂತ ನನಗೆ ಜಾಸ್ತಿ ಹೆದರಿಕೆ ಮೀನಿನ ಲಾರಿಯ ನೀರು. ಮಲ್ಪೆ ಕಡೆಯಿಂದ, ಮಂಗಳೂರು ಬಂದರಿನಿಂದ ಹೊರಟ ಲಾರಿ ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುತ್ತದೆ. ಬರೀ ನೀರಲ್ಲ, ಜಿಡ್ಡು ಇರುತ್ತದೆ. ಪಡುಬಿದ್ರಿ ಹತ್ತಿರ ಒಂದು ಬೆಳಿಗ್ಗೆ 390ಯ ಹಿಂದಿನ ಚಕ್ರ ಒಂದು ಅಡಿ ಪಕ್ಕಕ್ಕೆ ಜಾರಿತು. ಆಕ್ಸಿಲರೇಟರ್ ನಿಧಾನ ಬಿಟ್ಟೆ, ಸರಿಯಾಯಿತು. ಲೀಟರ್ ಬೈಕ್ ಆಗಿದ್ದು, ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆಯ ಮಾಡೆಲ್ ಆಗಿದ್ದು, ಅದೇ ಹೊತ್ತಿಗೆ ಕೈ ಅರ್ಧ ಇಂಚು ಜಾಸ್ತಿ ತಿರುಗಿದ್ದರೆ? ಯೋಚಿಸಲೇ ಭಯ. ಸೇತುವೆಗಳ ಕಬ್ಬಿಣದ ಜಾಯಿಂಟ್, ರಸ್ತೆಯ ಬಿಳಿ ಪಟ್ಟಿ, ಇವೂ ಒದ್ದೆಯಾದರೆ ಸಾಬೂನಿನ ಹಾಗೆ.

ಹಾಗಾಗಿ 600ರ ಮೇಲೆ ಹೋಗುವವರು ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರಿದರೆ ತಾನೇ ಪವರ್ ಇಳಿಸುವ ವ್ಯವಸ್ಥೆ) ಇಲ್ಲದ ಬೈಕ್ ತಗೊಳ್ಳಲೇಬೇಡಿ. ಮಿಡ್ ಸೈಜ್‌ನಲ್ಲಿ ಅದು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಬಗ್ಗೆ ಚಿಂತೆ ಬೇಡ, 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಕಡ್ಡಾಯ. ಹಳೆಯದು ತಗೊಳ್ಳುವವರು ಮಾತ್ರ ಎರಡೂ ಚಕ್ರಕ್ಕೆ ಇದೆಯಾ ಅಂತ ನೋಡಿ.

ಇನ್ನೊಂದು ವಿಷಯ, ಬೈಕ್ ಸುಮ್ನೆ ನಿಲ್ಲುವುದು. ನನ್ನ ಪರಿಚಯದ ದೊಡ್ಡ ಬೈಕಿನವರಲ್ಲಿ ಹೆಚ್ಚಿನವರು ಜೂನ್‌ನಲ್ಲಿ ಕವರ್ ಹಾಕಿದರೆ ತೆಗೆಯುವುದು ಚೌತಿ ಕಳೆದ ಮೇಲೆ. ಆ ಹೊತ್ತಿಗೆ ಬ್ಯಾಟರಿ ಇಳಿದಿರುತ್ತದೆ, ಚೈನ್ ಕೆಂಪಾಗಿರುತ್ತದೆ, ಡಿಸ್ಕ್ ಮೇಲೆ ತುಕ್ಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ಬಿಟ್ಟರೆ ತೊಂದರೆ. ಟ್ಯಾಂಕ್ ತುಂಬಿಸಿ ಇಡಿ, ಬ್ಯಾಟರಿಗೆ ಟ್ರಿಕಲ್ ಚಾರ್ಜರ್ (ಸ್ವಲ್ಪ ಸ್ವಲ್ಪವೇ ಚಾರ್ಜ್ ಕೊಡುತ್ತಾ ಇರುವಂಥದ್ದು) ಕೊಡಿ. ಉಪ್ಪು ಗಾಳಿ ವರ್ಷವಿಡೀ ಇರುವಂಥದ್ದು. ಮರವಂತೆ, ಮಲ್ಪೆ, ಪಣಂಬೂರು ಕಡೆ ಹೋಗಿ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಚೈನ್‌ಗೆ ಲೂಬ್ ಹಾಕಿ. ಮುಂದಿನ ಫೋರ್ಕ್‌ನ ಹೊಳೆಯುವ ಕೊಳವೆಯನ್ನೂ ಒರೆಸಿ. ಅಲ್ಲಿ ತುಕ್ಕಿನ ಚುಕ್ಕೆ ಬಿದ್ದರೆ ಆಯಿಲ್ ಸೀಲ್ ಹರಿಯುತ್ತದೆ.

ದಿನಾ ಓಡುವ 300, 400ರ ಬೈಕಿಗೆ ಈ ಕಾಟ ಕಡಿಮೆ. ಅದು ನಿಲ್ಲುವುದೇ ಇಲ್ಲ.

ಹಂತ 5: ದುಡ್ಡಿನ ಲೆಕ್ಕ

ಎಕ್ಸ್ ಶೋರೂಮ್ ಬೆಲೆ ನೋಡಿ ಸಾಲಕ್ಕೆ ಹೋಗಬೇಡಿ. ಸರ್ಕಾರದ ಲೆಕ್ಕದಲ್ಲಿ ಗೆರೆ ಇರುವುದು 350 ಸಿಸಿಯಲ್ಲಿ. 2025ರ ಸೆಪ್ಟೆಂಬರ್ 22ರಿಂದ 350ರವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18, ಅದರ ಮೇಲಿನದಕ್ಕೆ ಶೇ. 40. ವಿಮೆಯಲ್ಲೂ ಅದೇ ಗೆರೆ. ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಅಲ್ವಾ, 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 150ರಿಂದ 350 ಸಿಸಿಗೆ ಅದು 7,365 ರೂಪಾಯಿ, 350 ದಾಟಿದರೆ 15,117. ಬೈಕಿನ ಸ್ವಂತ ಹಾನಿಯ ವಿಮೆ ಬೇರೆ. ಅದು ಬೈಕಿನ ಬೆಲೆಯ ಜತೆ ಏರುತ್ತದೆ. ಮೇಲಿಂದ ಕರ್ನಾಟಕದಲ್ಲಿ 1 ಲಕ್ಷ ದಾಟಿದ ಬೈಕಿಗೆ ಲೈಫ್ ಟ್ಯಾಕ್ಸ್ ಶೇ. 18, ಅದರ ಮೇಲೆ ಸೆಸ್. 7 ಲಕ್ಷದ ಬೈಕಿಗೆ ಟ್ಯಾಕ್ಸ್ ಒಂದೇ ಒಂದೂಕಾಲು ಲಕ್ಷ ದಾಟುತ್ತದೆ.

ಆಮೇಲೆ ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟ್. ಇವನ್ನು ಬೈಕಿನ ಬಜೆಟ್ ಒಳಗೇ ಸೇರಿಸಿ. ಬೈಕ್ ತಗೊಂಡು ದುಡ್ಡು ಖಾಲಿಯಾಗಿ ಚಪ್ಪಲಿಯಲ್ಲಿ ಓಡಿಸುವ ಹುಡುಗರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಸೆಕೆಗೆ ಗಾಳಿಯಾಡುವ ಮೆಶ್ ಜಾಕೆಟ್ ತಗೊಳ್ಳಿ, ಭುಜ, ಮೊಣಕೈ, ಬೆನ್ನಿಗೆ ಪ್ಯಾಡ್ ಇರಲಿ.

ಸರ್ವೀಸ್ ಎಲ್ಲಿ ಅಂತ ಬುಕಿಂಗ್ ಮಾಡುವ ಮೊದಲು ಕೇಳಿ. ಊರಲ್ಲೇ ಇದೆಯಾ, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಲಿವರ್ ಸ್ಟಾಕ್ ಇದೆಯಾ. ಬೆಂಗಳೂರಿಗೇ ಹೋಗಬೇಕು ಅಂದರೆ ಒಂದು ಸರ್ವೀಸ್‌ಗೆ ಹೋಗಿ ಬರಲು 700 ಕಿಲೋಮೀಟರ್, ಎರಡು ದಿನ. ಜುಲೈನಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದರೆ ಅದೂ ಇಲ್ಲ. ನನ್ನ ಬೈಕಿಗೆ ಒಂದು ಚಿಕ್ಕ ಸೆನ್ಸರ್ ಬರಲು 40 ದಿನ ಕಾದಿದ್ದೇನೆ.

ಹಂತ 6: ಕೈ ಎಷ್ಟು ಪಳಗಿದೆ?

ನಮ್ಮ ದೇಶದಲ್ಲಿ ಗೇರ್ ಬೈಕಿನ ಲೈಸೆನ್ಸ್ ಒಂದು ಸಿಕ್ಕಿದರೆ ಮುಗಿಯಿತು. 18 ವರ್ಷದ ಹುಡುಗ 100 ಸಿಸಿಯಲ್ಲಿ ಟೆಸ್ಟ್ ಕೊಟ್ಟು, ಮರುದಿನ 266 ಕಿಲೋದ, 190 ಪಿಎಸ್‌ನ ಸುಜುಕಿ ಹಯಾಬುಸ ಓಡಿಸಬಹುದು. ಕಾನೂನು ತಡೆಯುವುದಿಲ್ಲ. ಆದ್ದರಿಂದ ಮೆಟ್ಟಿಲನ್ನು ನೀವೇ ಕಟ್ಟಿಕೊಳ್ಳಬೇಕು.

ನಾನು ಹೇಳುವ ಮೆಟ್ಟಿಲು ಇದು. 300ರಿಂದ 450ರ ಬೈಕಿನಲ್ಲಿ ಕನಿಷ್ಠ 10,000 ಕಿಲೋಮೀಟರ್, ಅದರೊಳಗೆ ಒಂದು ಪೂರ್ತಿ ಮಳೆಗಾಲ, ಎರಡು ಮೂರು ಘಾಟಿ, ಒಂದು ರಾತ್ರಿ ಪ್ರಯಾಣ. ಭಾನುವಾರ ಬೆಳಿಗ್ಗೆ ಖಾಲಿ ಜಾಗ ಹುಡುಕಿ 40ರಿಂದ, ಆಮೇಲೆ 60ರಿಂದ ಗಟ್ಟಿಯಾಗಿ ಬ್ರೇಕ್ ಹಿಡಿದು ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬಡಿಯುತ್ತದೆ, ಹೆದರಿ ಬಿಟ್ಟುಬಿಡಬೇಡಿ, ಹಿಡಿದೇ ಇರಿ. ಅದು ಕೈಗೆ ಅಭ್ಯಾಸ ಆಗಬೇಕು. ವೇಗದ ಆಸೆ ಇದ್ದವರು ದುಡ್ಡು ಉಳಿಸಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲೋ ಒಂದು ದಿನ ತರಬೇತಿ ತಗೊಳ್ಳಿ. ಮಿಡ್ ಸೈಜ್ ಬೈಕನ್ನೇ ತಗೊಂಡು ಹೋಗಿ. ಅದನ್ನು ಪೂರ್ತಿ ಬಗ್ಗಿಸಿ ಓಡಿಸಲು ಕಲಿತವರು ನಮ್ಮ ಊರಲ್ಲಿ ತುಂಬ ಕಡಿಮೆ.

ಇಷ್ಟಾದ ಮೇಲೂ ಘಾಟಿ ಏರಿನಲ್ಲಿ, ಹಿಂದೆ ಹೆಂಡತಿ ಕೂತಾಗ, ಉದ್ದ ಪ್ರಯಾಣದಲ್ಲಿ ಬೈಕ್ ಕೈಗೆ ಸಾಲುವುದಿಲ್ಲ ಅಂತ ಅನ್ನಿಸಿದರೆ 650 ಟ್ವಿನ್‌ಗೆ ಹೋಗಿ, ಧೈರ್ಯವಾಗಿ ಹೋಗಿ. ನಾನು ಹೋದದ್ದು ಹಾಗೆಯೇ. ನಾಲ್ಕು ಸಿಲಿಂಡರ್ 600, ಲೀಟರ್ ಬೈಕ್ ಎರಡನೇ ಬೈಕ್ ಆಗಿ ಇರಲಿ, ಮನೆಯಲ್ಲಿ ದಿನದ ಓಡಾಟಕ್ಕೆ ಬೇರೆ ಗಾಡಿ ಇದ್ದವರಿಗೆ.

ಹಂತ 7: ಹಳೆಯ ಬೈಕ್ ನೋಡುವವರಿಗೆ

ಹೊಸ 390ಯ ದುಡ್ಡಿಗೆ ಹಳೆಯ 650 ಸಿಗುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಸಿಗುತ್ತದೆ. ಆದರೆ ಟಯರ್, ಚೈನ್ ಸ್ಪ್ರಾಕೆಟ್, ಬ್ಯಾಟರಿ, ಫೋರ್ಕ್ ಸೀಲ್ ನಾಲ್ಕೂ ಬದಲಿಸುವಷ್ಟು ದುಡ್ಡು ಕೈಯಲ್ಲಿ ಇಟ್ಟುಕೊಂಡು ಹೋಗಿ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು. ಕಚ್ಚು ಎಷ್ಟೇ ಆಳ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ನಮ್ಮ ಮಳೆಗೆ ಅದು ಬೇಡವೇ ಬೇಡ. ಫೇರಿಂಗ್ ಕೆಳಗೆ ಟಾರ್ಚ್ ಬಿಟ್ಟು ಬೋಲ್ಟ್‌ಗಳನ್ನು ನೋಡಿ. ಸಮುದ್ರದ ಹತ್ತಿರ ನಿಂತ ಬೈಕ್ ಅಲ್ಲಿ ಸಿಕ್ಕಿಬೀಳುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ತಡೆಯುವ ಸ್ಟಾಪರ್ ಬಗ್ಗಿದ್ದರೆ, ಅದು ಜೋರಾಗಿ ಬಿದ್ದ ಬೈಕ್. ಕೆಎ 19, ಕೆಎ 20 ನಂಬರಾದರೆ ಕಾಗದದ ಕೆಲಸ ಸುಲಭ. ಕಾಸರಗೋಡಿನ ಕೆಎಲ್ 14 ಅಥವಾ ಬೇರೆ ರಾಜ್ಯದ್ದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು. ಅದನ್ನು ಬೆಲೆಯಲ್ಲಿ ಸೇರಿಸಿ ಹೋಲಿಸಿ.

ನೋಡಲು ಬೆಳಿಗ್ಗೆ ಹೋಗಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಮುಟ್ಟುವ ಮೊದಲು ಎಂಜಿನ್ ಹತ್ತಿರ ಕೈ ಹಿಡಿಯಿರಿ. ಬಿಸಿ ತಾಗಿದರೆ ತಣ್ಣಗಿನ ಸ್ಟಾರ್ಟ್‌ನಲ್ಲಿ ಏನೋ ಸದ್ದಿದೆ ಅಂತಲೇ ಇಟ್ಟುಕೊಳ್ಳಿ. ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ, ಅಡ್ವಾನ್ಸ್ ಕೊಡದೆ ಬನ್ನಿ.